ಕ್ಲಚ್ ಕೇಬಲ್ ಯಾಕೆ ಬಿಸಿಯಾಯಿತು?

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ ಅಂಗಳ. ಆಷಾಢದ ಮಳೆ ಸ್ವಲ್ಪ ಹೊಳವು ಕೊಟ್ಟಿದೆ. ಬೆಳಿಗ್ಗೆ ಆರು ಗಂಟೆ. ಹತ್ತೂವರೆಗೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗದಲ್ಲಿರಬೇಕು. ಅಪ್ಪ 2006ರಲ್ಲಿ ಕೊಂಡಿದ್ದ ಮಾರುತಿ 800 ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದೆ, ಸ್ಟಾರ್ಟ್ ಆಗುತ್ತಿಲ್ಲ. ಫೋನ್ ಮಾಡಿದ ಹತ್ತು ನಿಮಿಷಕ್ಕೆ ಸೋದರಮಾವ ಕೊಡೆ ಹಿಡಿದುಕೊಂಡು ತೋಟದ ದಾರಿಯಲ್ಲಿ ನಡೆದು ಬಂದರು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳನ್ನು ರಿಪೇರಿ ಮಾಡಿದ ಕೈ ಅವರದು. 2020ರಲ್ಲಿ ಬಸ್ಸು ನಿಂತ ಮೇಲೆ ಅಡಿಕೆ ತೋಟ ನೋಡಿಕೊಂಡಿದ್ದಾರೆ.

— ಬಾನೆಟ್ ಈಗಲೇ ಎತ್ತಬೇಡ. ಒಳಗೆ ಕೂತ್ಕೊಂಡು ಒಂದು ಸಲ ಕೀ ತಿರುಗಿಸು. ನಾನು ಇಲ್ಲಿ ನಿಂತು ಕೇಳ್ತೀನಿ.

— ಕೇಳಿಸ್ತಾ ಮಾವ? ಟಕ್ ಅಂತದೆ, ಅಷ್ಟೇ.

— ಒಂದೇ ಟಕ್. ಟಕಟಕಟಕ ಅಂತ ಬಡ್ಕೊಳ್ಳಲ್ಲ ಅಲ್ವಾ?

— ಇಲ್ಲ. ಒಂದೇ. ಅದರಲ್ಲೇನು ವ್ಯತ್ಯಾಸ?

— ತುಂಬಾ ಇದೆ. ಗಾಡಿ ಸ್ಟಾರ್ಟ್ ಆಗ್ತಿಲ್ಲ ಅನ್ನೋದು ಹೊಟ್ಟೆನೋವು ಅಂದ ಹಾಗೆ. ಎಲ್ಲಿ ನೋವು, ಎಂಥ ನೋವು ಅಂತ ಕೇಳದೆ ಯಾವ ಡಾಕ್ಟರೂ ಮಾತ್ರೆ ಕೊಡಬಾರದು. ಕೀ ತಿರುಗಿಸಿದ್ರೆ ಏನೂ ಸದ್ದಿಲ್ಲ ಅಂದ್ರೆ ಕೀ ಸ್ವಿಚ್ಚು, ಫ್ಯೂಸು, ಇಲ್ಲಾ ಪೂರ್ತಿ ಸತ್ತ ಬ್ಯಾಟರಿ. ಟಕಟಕಟಕ ಅಂದ್ರೆ ಹೆಚ್ಚಿನಂಶ ಬ್ಯಾಟರೀಲಿ ಶಕ್ತಿ ಇಲ್ಲ. ಇಂಜಿನ್ ತಿರುಗಿಸೋ ಸೆಲ್ಫ್ ಮೋಟಾರಿನ ಮೇಲೊಂದು ಸಾಲಿನಾಯ್ಡ್ ಇರ್ತದಲ್ಲ, ಅದು ಎಳ್ಕೊಳ್ತದೆ, ಮೋಟಾರು ಕರೆಂಟ್ ಕೇಳ್ತಿದ್ದ ಹಾಗೆ ಬ್ಯಾಟರಿ ಕುಸೀತದೆ, ಸಾಲಿನಾಯ್ಡ್ ಕೈಬಿಡ್ತದೆ. ಬಿಟ್ಟ ತಕ್ಷಣ ಬ್ಯಾಟರಿ ಸ್ವಲ್ಪ ಚೇತರಿಸ್ಕೊಂಡು ಮತ್ತೆ ಎಳೀತದೆ. ಅದೇ ಆ ಬಡಿತ. ಒಂದೇ ಟಕ್ ಅಂದ್ರೆ ಸಾಲಿನಾಯ್ಡ್ ಎಳೆದು ಹಿಡ್ಕೊಂಡಿದೆ, ಆದರೆ ಮೋಟಾರಿಗೆ ಬೇಕಾದ್ದು ಸಿಗ್ತಿಲ್ಲ. ಇಲ್ಲಾ ಮೋಟಾರೇ ಕೆಟ್ಟಿದೆ.

— ಪೇಟೆ ಗ್ಯಾರೇಜಿನವರೂ ಅದನ್ನೇ ಹೇಳಿದ್ರು, ಸೆಲ್ಫ್ ಮೋಟಾರ್ ಹೋಗಿದೆ ಅಂತ. ಹೋದ ತಿಂಗಳು ಬ್ಯಾಟರಿ ಬದಲಿಸಿದ್ರು. ನಾಕು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕತೆ. ಈಗ ಸೆಲ್ಫ್ ಹೊಸದು ಹಾಕ್ಬೇಕಂತೆ.

— ಹಾಕ್ಬೇಕಾದ್ರೆ ಹಾಕೋಣ, ಆದರೆ ಅದು ಕೆಟ್ಟಿದೆ ಅಂತ ಮೊದಲು ಗೊತ್ತಾಗಲಿ. ಸ್ಟಾರ್ಟ್ ಆಗದೇ ಇದ್ದಾಗ ಇಷ್ಟು ದಿನ ಏನು ಮಾಡ್ತಿದ್ದೆ?

— ಶೆಡ್ಡಿಂದ ಇಳಿಜಾರಿಗೆ ನೂಕಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ರೆ ತಕ್ಷಣ ಹಿಡಿಯೋದು.

— ನೋಡು, ಎಂಥ ದೊಡ್ಡ ವಿಷಯ ಇಟ್ಕೊಂಡು ಹೇಳದೆ ಕೂತಿದ್ದೆ! ತಕ್ಷಣ ಹಿಡೀತು ಅಂದ್ರೆ ಪೆಟ್ರೋಲ್ ಬರ್ತಿದೆ, ಪ್ಲಗ್ಗಿಗೆ ಕಿಡಿ ಬರ್ತಿದೆ, ಇಂಜಿನ್ನಿನ ಉಸಿರು ಸರಿಯಿದೆ. ಇದು ಕಾರ್ಬ್ಯುರೇಟರ್ ಗಾಡಿ ಅಲ್ಲ, ಇಂಜೆಕ್ಷನ್ನಿಂದು. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ರೆ ನೂಕಿದ್ರೂ ಹಿಡೀತಿರ್ಲಿಲ್ಲ. ಹಂಗಾಗಿ ಕಾಯಿಲೆ ಇರೋದು ಬ್ಯಾಟರಿಯಿಂದ ಸೆಲ್ಫ್ ಮೋಟಾರಿಗೆ ಹೋಗಿ ವಾಪಸ್ ಬರೋ ದಾರೀಲಿ ಮಾತ್ರ. ಅರ್ಧ ಗಾಡಿಯನ್ನ ಈಗಲೇ ಪಕ್ಕಕ್ಕಿಟ್ಟ ಹಾಗಾಯ್ತು. ಈಗ ಹೆಡ್‌ಲೈಟ್ ಹಾಕು, ಶೆಡ್ಡಿನ ಗೋಡೆ ಮೇಲೆ ಬೆಳಕು ನೋಡ್ತಾ ಕೀ ತಿರುಗಿಸು.

— ಟಕ್ ಅಂತು. ಬೆಳಕು ಹಾಗೇ ಇದೆ ಮಾವ. ಒಂಚೂರು ಮಂಕಾಯ್ತೇನೋ, ಅಷ್ಟೇ.

— ಬ್ಯಾಟರಿ ಸೋತಿದ್ರೆ ಲೈಟ್ ಕಣ್ಣು ಮುಚ್ಚಿಬಿಡ್ತಿತ್ತು. ಸೆಲ್ಫ್ ಮೋಟಾರ್ ಒಳಗೆ ಬಿಗಿದು ಕೂತಿದ್ರೂ ಅಷ್ಟೇ, ಕರೆಂಟೆಲ್ಲ ಕುಡಿದು ಲೈಟನ್ನ ಕೆಂಪಗೆ ಮಾಡ್ತಿತ್ತು. ಇಲ್ಲಿ ಬ್ಯಾಟರಿ ಗಟ್ಟಿಯಾಗಿದೆ, ಆದರೆ ಮೋಟಾರು ಅದರಿಂದ ತಗೊಳ್ತಾನೇ ಇಲ್ಲ. ನಿಮ್ಮಪ್ಪನ ಮಲ್ಟಿಮೀಟರ್ ಇತ್ತಲ್ಲ, ತಗೊಂಡ್ಬಾ. ಬರುವಾಗ ಕೈಬಳೆ ತೆಗೆದಿಟ್ಟು ಬಾ.

— ಬಳೆ ಯಾಕೆ?

— ಚಿನ್ನದ ಬಳೆ ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ಒಟ್ಟಿಗೆ ತಾಗಿದ್ರೆ ಕೆಂಪಗೆ ಕಾಯ್ತದೆ, ಬಿಚ್ಚೋಕೂ ಪುರುಸೊತ್ತು ಸಿಗಲ್ಲ. ಹನ್ನೆರಡು ವೋಲ್ಟ್ ಶಾಕ್ ಹೊಡೆಯಲ್ಲ ಅಂತ ಜನ ಸದರ ಮಾಡ್ಕೊಳ್ತಾರೆ. ಶಾಕ್ ಹೊಡೆಯಲ್ಲ, ಸುಡ್ತದೆ. ನಮ್ಮ ಡಿಪೋದಲ್ಲಿ ಕೈಗಡಿಯಾರದ ಚೈನು ಹಾಗೆ ಕಾದು ಒಬ್ಬರ ಮಣಿಕಟ್ಟಿಗೆ ಅಚ್ಚೊತ್ತಿದ್ದನ್ನ ನೋಡಿದೀನಿ.

ಮೀಟರ್ ಅಕ್ಕಿ ಡಬ್ಬಿಯ ಹಿಂದಿನ ಗೂಡಿನಲ್ಲಿತ್ತು. ಅಪ್ಪ ಅದರ ಕೆಂಪು ವೈರಿಗೆ ಸುತ್ತಿದ್ದ ಟೇಪು ಇನ್ನೂ ಬಿಟ್ಟಿರಲಿಲ್ಲ.

— ಈಗ ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಎಷ್ಟು?

— 12.5.

— ಸುಮ್ಮನೆ ಕೂತ ಬ್ಯಾಟರಿ 12.6 ತೋರಿಸಿದ್ರೆ ಹೊಟ್ಟೆ ತುಂಬಿದೆ ಅಂತ ಲೆಕ್ಕ. 12ಕ್ಕಿಂತ ಕೆಳಗೆ ಬಂದ್ರೆ ಖಾಲಿ. ನಿಂದು ತೃಪ್ತಿಯಾಗಿಯೇ ಇದೆ. ಆದರೆ ಸುಮ್ಮನೆ ಕೂತವರ ಶಕ್ತಿ ನೋಡಿ ಏನು ಹೇಳೋದು? ಮೂಟೆ ಹೊರಿಸಿ ನೋಡ್ಬೇಕು. ಗೇರ್ ನ್ಯೂಟ್ರಲ್ಲಲ್ಲಿದೆ ತಾನೆ? ಹ್ಯಾಂಡ್‌ಬ್ರೇಕ್ ಎಳೆದಿದೀಯಾ? ನಾನು ಕೀ ತಿರುಗಿಸ್ತೀನಿ, ನೀನು ಮೀಟರ್ ನೋಡು.

— 11.8ಕ್ಕೆ ಇಳೀತು. ಕೀ ಬಿಟ್ಟ ಕೂಡಲೇ ಮತ್ತೆ 12.5.

— ಸೆಲ್ಫ್ ಎತ್ತೋವಾಗ ಒಳ್ಳೆ ಬ್ಯಾಟರಿಯೂ ಹತ್ತೂವರೆ, ಹನ್ನೊಂದರ ಹತ್ತಿರ ಇಳೀತದೆ. ಒಂಬತ್ತೂವರೆಗಿಂತ ಕೆಳಗೆ ಬಿದ್ರೆ ಮಾತ್ರ ಅನುಮಾನ ಪಡ್ಬೇಕು. ಇದು ಅಷ್ಟು ಇಳೀಲೇ ಇಲ್ಲ ಅಂದ್ರೆ ದಾರೀಲಿ ಎಲ್ಲೋ ಕಟ್ಟಿಕೊಂಡಿದೆ. ತೋಟದ ಸ್ಪ್ರಿಂಕ್ಲರ್ ನೆನೆಸ್ಕೋ. ಪೈಪಿನೊಳಗೆ ಕಸ ಕಟ್ಟಿದ್ರೂ, ಜೆಟ್ ಮುಚ್ಚಿಟ್ಟಾಗ ಪ್ರೆಷರ್ ಪೂರ್ತಿ ತೋರಿಸ್ತದೆ. ಜೆಟ್ ತಿರುಗೋಕೆ ಬಿಟ್ಟಾಗ ತಾನೆ ನೀರು ಬರ್ತಿಲ್ಲ ಅಂತ ಗೊತ್ತಾಗೋದು?

— ಹಾಗಿದ್ರೆ ವೈರು. ಆದರೆ ಗ್ಯಾರೇಜಿನವರು ಅರ್ತಿಂಗ್ ನೋಡಿದ್ರು ಮಾವ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನ ಇಂಜಿನ್ನಿಗೆ ಕಚ್ಚಿಸಿ ಪ್ಲಸ್ಸಿಗೆ ತಾಗಿಸಿದ್ರು, ಬಲ್ಬು ಚೆನ್ನಾಗಿ ಉರೀತು. ನಾನೇ ಕಂಡೆ.

— ಉರಿಯದೆ ಏನು? ಆ ಪುಟ್ಟ ಬಲ್ಬು ಐದು ವ್ಯಾಟಿಂದು ಅಂದ್ಕೋ. ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಸೆಲ್ಫ್ ಮೋಟಾರಿಗೆ ಎತ್ತೋ ಗಳಿಗೇಲಿ ನೂರು ಆಂಪಿಯರಿಗೂ ಮೇಲೆ ಬೇಕು. ಮನೇಲಿರೋ ಮಿಕ್ಸಿ ಮೂರ್ನಾಲ್ಕು ಆಂಪಿಯರಲ್ಲಿ ಚಟ್ನಿ ರುಬ್ತದೆ, ನೆನಪಿರಲಿ. ಈಗ ಜಾಯಿಂಟಿನಲ್ಲಿ ಕಿಲುಬು ಹಿಡಿದು 0.05 ಓಮ್ ಅಡ್ಡಿ ಇದೆ ಅನ್ನು. ಅರ್ಧ ಆಂಪಿಯರ್ ಅದನ್ನ ದಾಟೋವಾಗ ಕಳೆದುಕೊಳ್ಳೋದು 0.025 ವೋಲ್ಟ್, ಬಲ್ಬಿಗೆ ಗೊತ್ತೇ ಆಗಲ್ಲ. ನೂರು ಆಂಪಿಯರ್ ದಾಟಬೇಕಾದ್ರೆ ಐದು ವೋಲ್ಟ್ ಅಲ್ಲೇ ಹೋಗ್ತದೆ. ಹನ್ನೆರಡರಲ್ಲಿ ಐದು ಹೋದ ಮೇಲೆ ಉಳಿದಿದ್ದರಲ್ಲಿ ಯಾವ ಮೋಟಾರ್ ಇಂಜಿನ್ ಎತ್ತೀತು? ಅದೇ ವೈರು ಬಲ್ಬಿಗೆ ರಾಜಮಾರ್ಗ, ಮೋಟಾರಿಗೆ ಕಾಲುಸಂಕ.

— ಅಂದ್ರೆ ಅವರ ಪರೀಕ್ಷೆಯೇ ತಪ್ಪು.

— ಪರೀಕ್ಷೆ ತಪ್ಪಲ್ಲ, ಭಾರ ಸಾಲಲಿಲ್ಲ. ಇನ್ನೊಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ಈ ತೊಂದರೆ ಮೊದಲ ಸಲ ಬಂದಿದ್ದು ಯಾವಾಗ? ಅದಕ್ಕೂ ಮುಂಚೆ ಗಾಡಿಗೆ ಕೊನೆಗೆ ಕೈ ಹಾಕಿದ್ದು ಯಾರು, ಯಾಕೆ?

— ಹೋದ ಬೇಸಿಗೇಲಿ ಕ್ಲಚ್ ಪ್ಲೇಟ್ ಹಾಕಿಸಿದ್ವಿ. ಮಳೆ ಶುರುವಾದ ಮೇಲೆ ಆಗೊಮ್ಮೆ ಈಗೊಮ್ಮೆ ಟಕ್ ಅನ್ನೋಕೆ ಶುರುವಾಯ್ತು. ಹಾಂ, ಕ್ಲಚ್ ಅಂದಾಗ ನೆನಪಾಯ್ತು. ಅದೂ ಸರಿಯಿರ್ಲಿಲ್ಲ. ಕಲ್ಲು ತುಳಿದ ಹಾಗೆ ಬಿಗಿಯಾಗಿತ್ತು. ಕೇಬಲ್ ಹಾಳಾಗಿದೆ ಅಂತ ಬದಲಿಸಿದ್ರು. ಈಗ ಹೊಸ ಕೇಬಲ್ಲೂ ಮತ್ತೆ ಬಿಗೀತಾ ಇದೆ.

— ಏನಂದೆ?

— ಕ್ಲಚ್ ಬಿಗಿ ಅಂದೆ. ಅದು ಬೇರೆ ತೊಂದರೆ ಬಿಡಿ, ಆಮೇಲೆ ನೋಡಿದ್ರಾಯ್ತು.

— ಬೇರೆಯಲ್ಲ. ಒಂದು ಕೆಲಸ ಮಾಡೋಣ. ನಾನು ಕೀ ತಿರುಗಿಸಿ ಐದೈದು ಸೆಕೆಂಡಿನಂತೆ ಮೂರು ಸಲ ಹಿಡೀತೀನಿ. ಆಮೇಲೆ ಕ್ಲಚ್ ಕೇಬಲ್ಲನ್ನ ಬೆರಳ ತುದೀಲಿ ಮೆಲ್ಲಗೆ ಮುಟ್ಟು. ಗಟ್ಟಿಯಾಗಿ ಹಿಡ್ಕೋಬೇಡ.

— ಅಯ್ಯೋ, ಬಿಸಿ ಇದೆ ಮಾವ! ಕಾಫಿ ಲೋಟ ಮುಟ್ಟಿದ ಹಾಗೆ. ಇಂಜಿನ್ ರಾತ್ರಿಯಿಂದ ತಣ್ಣಗಿದೆ, ಇದು ಹ್ಯಾಗೆ ಬಿಸಿಯಾಯ್ತು?

— ಸಿಕ್ತು. ಬ್ಯಾಟರಿಯಿಂದ ಕೆಂಪು ವೈರಲ್ಲಿ ಸೆಲ್ಫಿಗೆ ಹೋದ ಕರೆಂಟು ಇಂಜಿನ್ನಿನ ಮೈಗೆ ಇಳಿದು, ಅಲ್ಲಿಂದ ಕಪ್ಪು ವೈರಲ್ಲಿ ಬ್ಯಾಟರಿಗೆ ವಾಪಸ್ ಬರ್ಬೇಕು. ಈ ಕಪ್ಪು ವೈರು ಎರಡು ಕವಲು, ನೋಡು. ಒಂದು ಬಾಡಿಗೆ, ಇನ್ನೊಂದು ಗೇರ್‌ಬಾಕ್ಸಿನ ಬೋಲ್ಟಿಗೆ. ಇಂಜಿನ್ನು, ಗೇರ್‌ಬಾಕ್ಸು ಎರಡೂ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನೊಳಗೆ ಕರೆಂಟ್ ಹರಿಯಲ್ಲ. ಗೇರ್‌ಬಾಕ್ಸಿನ ಕವಲು ಕೆಟ್ಟರೆ ವಾಪಸ್ ಬರೋಕೆ ಬೇರೆ ದಾರಿ ಬೇಕಲ್ಲ? ಗೇರ್‌ಬಾಕ್ಸಿಂದ ಬಾಡಿಗೆ ಲೋಹದ ಸಂಬಂಧ ಇರೋದು ಈ ಕ್ಲಚ್ ಕೇಬಲ್ಲಿಂದ. ಸಪೂರ ಉಕ್ಕಿನ ತಂತಿ. ಕ್ಲಚ್ ಎಳೆಯೋಕೆ ಇರೋದೇ ಹೊರತು ಸೆಲ್ಫಿನ ಕರೆಂಟ್ ಹೊರೋಕಲ್ಲ. ಕಾಯ್ತದೆ, ಒಳಗಿನ ಪ್ಲಾಸ್ಟಿಕ್ ಪದರ ಮೆತ್ತಗಾಗಿ ತಂತಿಯನ್ನ ಕಚ್ಕೊಳ್ತದೆ. ಪೆಡಲ್ ಬಿಗಿಯಾಗ್ತದೆ.

— ಹಾಗಾದ್ರೆ ಬ್ಯಾಟರಿಗೆ ಕೊಟ್ಟ ದುಡ್ಡು, ಕೇಬಲ್ಲಿಗೆ ಕೊಟ್ಟ ದುಡ್ಡು, ಎರಡೂ...

— ಒಂದೇ ಬೋಲ್ಟಿನ ಸಾಲ. ಇವತ್ತು ಸೆಲ್ಫ್ ಹಾಕಿಸಿದ್ರೆ ಮೂರನೇದೂ ಸೇರ್ತಿತ್ತು. ಹಳೇ ಸೆಲ್ಫ್ ಬಿಚ್ಚಿ ಹೊಸದು ಕಟ್ಟೋ ಗಡಿಬಿಡೀಲಿ ಆ ವೈರು ಸ್ವಲ್ಪ ಅಲ್ಲಾಡಿ, ನಾಕು ದಿನ ಗಾಡಿ ಓಡಿ, ‘ನೋಡಿ, ಸೆಲ್ಫೇ ಹೋಗಿತ್ತು’ ಅಂತ ಎಲ್ಲರೂ ನಂಬ್ತಿದ್ರು. ಬ್ಯಾಟರಿ ಹಾಕಿದಾಗಲೂ ಆಗಿದ್ದು ಅದೇ.

— ನನಗೆ ಸಿಟ್ಟು ಬರ್ತಿದೆ ಮಾವ. ಅಪ್ಪ ಹೋದ ಮೇಲೆ ಈ ಗಾಡಿ ಬಗ್ಗೆ ಯಾರು ಏನು ಹೇಳಿದ್ರೂ ತಲೆಯಾಡಿಸಿ ದುಡ್ಡು ಕೊಟ್ಟಿದೀನಿ.

— ಸಿಟ್ಟು ಬರಲಿ, ನ್ಯಾಯ ಇದೆ. ಆದರೆ ಪೂರ್ತಿ ಆ ಹುಡುಗರ ಮೇಲೆ ಹಾಕಬೇಡ. ನಾನೂ ಆ ಕೆಲಸ ಮಾಡಿದವನು. ಒಂದು ಗಂಟೆ ಕೂತು, ಅಳೆದು, ಒಂದು ಬೋಲ್ಟ್ ಉಜ್ಜಿ ಕಟ್ಟಿ, ಐನೂರು ರೂಪಾಯಿ ಅಂತ ಕೇಳು. ‘ಏನು ಸಾಮಾನು ಹಾಕಿದೆ?’ ಅಂತಾರೆ. ‘ಏನೂ ಹಾಕಿಲ್ಲ, ಏನಾಗಿದೆ ಅಂತ ಕಂಡುಹಿಡಿದೆ’ ಅಂದ್ರೆ ಮುಖ ಗಂಟಿಕ್ತಾರೆ. ಅದೇ ನಾಕು ಸಾವಿರದ ಡಬ್ಬಿ ಒಡೆದು ಹೊಸ ಸಾಮಾನು ಹಾಕಿದ್ರೆ ಮಾತಿಲ್ಲದೆ ಕೊಡ್ತಾರೆ. ಹುಡುಕೋ ಕೆಲಸಕ್ಕೆ ನಮ್ಮೂರಲ್ಲಿ ಬೆಲೆ ಇಲ್ಲ, ಅದಕ್ಕೇ ಹುಡುಕೋರು ಕಡಿಮೆಯಾದ್ರು. ನನಗೆ ನಿಜವಾಗಿ ನೋವಾಗೋದು ಅದು. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ‘ಏನು ಹಾಕ್ತೀರಿ’ ಅನ್ನಬೇಡ, ‘ಇದೇ ಅಂತ ಹ್ಯಾಗೆ ಗೊತ್ತಾಯ್ತು, ತೋರಿಸಿ’ ಅನ್ನು. ತೋರಿಸಿದವರಿಗೆ ಅದರ ದುಡ್ಡು ಬೇರೆಯಾಗಿ ಕೊಡು.

— ಈಗ ನನಗೆ ತೋರಿಸಿ. ಕೇಬಲ್ ಬಿಸಿಯಾಗಿದ್ದಷ್ಟೇ ಸಾಕಾ?

— ಭೇಷ್. ಸಾಲದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ ಇಡು. ಕಂಬಕ್ಕೇ ಇಡು, ಕ್ಲಾಂಪಿಗಲ್ಲ. ಇನ್ನೊಂದು ಇಂಜಿನ್ನಿನ ಬರಿಮೈಗೆ, ಬಣ್ಣ ಇಲ್ಲದ ಕಡೆ. ಎರಡೂ ಒಂದೇ ತಂತಿಯ ಎರಡು ತುದಿ, ಹಾಗಾಗಿ ಸೊನ್ನೆ ಇರ್ಬೇಕು. ಸೆಲ್ಫ್ ಎತ್ತೋವಾಗ ಹೆಚ್ಚಂದ್ರೆ ಅರ್ಧ ವೋಲ್ಟ್. ತಿರುಗಿಸಲಾ?

— 5.1! ಮಾವ, 5.1 ತೋರಿಸ್ತಿದೆ.

— ಕಳೆದುಹೋದ ಐದು ವೋಲ್ಟ್ ಎಲ್ಲಿತ್ತು ಅಂತ ಕಂಡೆಯಲ್ಲ. ಪ್ಲಸ್ ಕಡೆಯೂ ಬಿಡೋದು ಬೇಡ, ಕಂಬದಿಂದ ಸೆಲ್ಫಿನ ನಟ್ಟಿನವರೆಗೆ ಅಳಿ.

— 0.2.

— ಅದು ಚೆನ್ನಾಗಿದೆ. ಕೊನೇದಾಗಿ ಈ ಜಂಪರ್ ವೈರಿನ ಕಪ್ಪು ಒಂದೇ ಒಂದನ್ನ, ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ನಿನ ಈ ಕೊಕ್ಕೆಗೆ ಕಚ್ಚಿಸು. ಈಗ ಹೋಗಿ ಕೀ ತಿರುಗಿಸು.

ಇಂಜಿನ್ ಒಂದೇ ಏಟಿಗೆ ಹಿಡಿಯಿತು. ಅಮ್ಮ ಒಳಗಿನಿಂದ ‘ಆಯ್ತಾ?’ ಎಂದು ಕೂಗಿದರು. ಮಾವ ಕೈಸನ್ನೆ ಮಾಡಿ ಆಫ್ ಮಾಡಿಸಿದರು.

— ಸಾಬೀತಾಯ್ತು, ಆದರೆ ರಿಪೇರಿ ಆಗಿಲ್ಲ. ಗಂಟೆ ಆರೂ ಮುಕ್ಕಾಲು, ಟೈಮ್ ಇದೆ. ಒಂದು ಚೊಂಬು ಬಿಸಿನೀರು ತಾ, ಬ್ಯಾಟರಿ ಕಂಬದ ಮೇಲೂ ಬಿಳಿ ಪುಡಿ ಕಟ್ಟಿದೆ. ವೈರು ಬಿಚ್ಚೋವಾಗ ಮೊದಲು ಮೈನಸ್. ಪ್ಲಸ್ ಮೊದಲು ಬಿಚ್ಚೋಕೆ ಹೋದ್ರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್. ಕಟ್ಟೋವಾಗ ಮೈನಸ್ ಕೊನೆಗೆ.

— ನೀರು ಕಾಯ್ತಿದೆ. ಈ ಸೆಲ್ಫೇ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ರು?

— ಹ್ಯಾಂಡಲ್ ಹೊಡೀತಿದ್ರು. ಅಮೆರಿಕದಲ್ಲಿ ಕೆಟರಿಂಗ್ ಅನ್ನೋರು ಕರೆಂಟಿನ ಸೆಲ್ಫ್ ಮಾಡಿ 1912ರ ಕ್ಯಾಡಿಲಾಕ್ ಗಾಡೀಲಿ ಅದು ಬಂದ ಮೇಲೂ ಎಷ್ಟೋ ವರ್ಷ ಹ್ಯಾಂಡಲ್ ಉಳೀತು. ನಮ್ಮ ಅಂಬಾಸಿಡರಿಗೂ ಇತ್ತು. ನನಗೆ ಕಲಿಸಿದ ಮೇಸ್ತ್ರಿ ಮೊದಲ ದಿನ ಸ್ಪ್ಯಾನರ್ ಮುಟ್ಟಿಸಲಿಲ್ಲ, ಹ್ಯಾಂಡಲ್ ಹಿಡಿಯೋದು ಹ್ಯಾಗೆ ಅಂತ ತೋರಿಸಿದ್ರು. ಹೆಬ್ಬೆರಳು ಉಳಿದ ನಾಕು ಬೆರಳಿನ ಜೊತೆಗೇ ಇರ್ಬೇಕು, ಸುತ್ತಿ ಹಿಡೀಬಾರದು. ಕೆಳಗಿಂದ ಮೇಲಕ್ಕೆ ಎಳೀಬೇಕು, ಒತ್ತಬಾರದು. ಕಿಡಿ ಮುಂಚೆ ಬಂದು ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಅಂಗೈಯಿಂದ ಜಾರಿಹೋಗ್ಬೇಕು, ಇಲ್ಲಾಂದ್ರೆ ಮಣಿಕಟ್ಟು ಮುರೀತದೆ. ಇದೋ, ಹನ್ನೆರಡರ ಸ್ಪ್ಯಾನರ್. ಗೇರ್‌ಬಾಕ್ಸಿನ ಬೋಲ್ಟ್ ನೀನೇ ಬಿಚ್ಚು.

— ನಾನಾ?

— ನಿನ್ನ ಗಾಡಿ. ನನ್ನ ಕಣ್ಣಿಗೆ ಅಷ್ಟು ಕೆಳಗೆ ಕಾಣಲ್ಲ.

— ಬಂತು. ಥೂ, ಇದೇನು ಮಾವ, ವೈರಿನ ತುದಿಯ ತಿಂಬಲ್ ಪೂರ್ತಿ ಹಸಿರು! ಬೋಲ್ಟಿನ ಕೆಳಗೆ ಕೆಸರು ಒಣಗಿ ಗಟ್ಟಿಯಾಗಿದೆ.

— ತಾಮ್ರದ ಕಿಲುಬು. ಬೇಸಿಗೇಲಿ ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸ್ ಇಳಿಸಿದಾಗ ಈ ವೈರು ಬಿಚ್ಚಿದಾರೆ. ವಾಪಸ್ ಕಟ್ಟೋವಾಗ ಉಜ್ಜಿಲ್ಲ, ಹಲ್ಲಿನ ವಾಷರ್ ಹಾಕಿಲ್ಲ. ಹಲ್ಲು ಲೋಹಕ್ಕೆ ಕಚ್ಚಿ ಕೂತಿದ್ರೆ ಇಷ್ಟಾಗ್ತಿರಲಿಲ್ಲ. ಬೇಸಿಗೇಲಿ ಹೇಗೋ ನಡೀತು, ನಮ್ಮ ಮಳೆ ಉಳಿದ ಕೆಲಸ ಮಾಡ್ತು. ವೈರಿನ ರಬ್ಬರ್ ಒಂದಿಂಚು ಸೀಳು. ಒಳಗೆ ಎಳೆ ಯಾವ ಬಣ್ಣ?

— ಕಪ್ಪು. ಬೆರಳಲ್ಲಿ ತಿಕ್ಕಿದ್ರೆ ಪುಡಿ ಉದುರ್ತಿದೆ.

— ಕೆಂಪು ತಾಮ್ರ ಕಾಣೋವರೆಗೆ ಕತ್ತರಿಸೋಣ. ಒಂದಿಂಚು ಕಡಿಮೆಯಾದ್ರೂ ಎಟುಕ್ತದೆ. ನನ್ನ ಡಬ್ಬೀಲಿ ಹೊಸ ತಿಂಬಲ್ ಇದೆ, ಹಲ್ಲಿನ ವಾಷರೂ ಇದೆ. ನಾನು ತಿಂಬಲ್ ಅದುಮಿಸ್ತೀನಿ, ನೀನು ಎಮರಿ ಪೇಪರಲ್ಲಿ ಗೇರ್‌ಬಾಕ್ಸಿನ ಆ ಜಾಗ ಉಜ್ಜು. ಬೆಳ್ಳಿ ಹಾಗೆ ಹೊಳೀಬೇಕು.

— ಉಜ್ತೀನಿ. ಮಾವ, ಒಂದು ಗೊತ್ತಾ? ಮೊದಲ ಸಲ ಕಾರಲ್ಲಿ ದೂರದ ಪ್ರಯಾಣ ಹೋದೋರು ಒಬ್ಬ ಹೆಂಗಸು. ಬರ್ತಾ ಬೆಂಜ್. 1888ರ ಆಗಸ್ಟಲ್ಲಿ ಇಬ್ಬರು ಗಂಡುಮಕ್ಕಳನ್ನ ಕರ್ಕೊಂಡು, ಗಂಡನಿಗೆ ಹೇಳದೆ, ಜರ್ಮನಿಯ ಮಾನ್‌ಹೈಮಿಂದ ತವರುಮನೆ ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ರು. ಸುಮಾರು ನೂರು ಕಿಲೋಮೀಟರ್. ದಾರೀಲಿ ಪೆಟ್ರೋಲಿನ ಕೊಳವೆ ಕಟ್ಟಿದಾಗ ಟೋಪಿಗೆ ಚುಚ್ಚಿದ್ದ ಪಿನ್ನಲ್ಲಿ ಬಿಡಿಸಿದ್ರಂತೆ. ವೈರು ಸವೆದು ಶಾರ್ಟ್ ಆಗ್ತಿದ್ದಾಗ ಕಾಲುಚೀಲದ ಪಟ್ಟಿ ಸುತ್ತಿದ್ರಂತೆ.

— ಆ ತಾಯಿಗೆ ನಮಸ್ಕಾರ. ಒಂದು ಪೆಟ್ರೋಲಿನ ದಾರಿ, ಒಂದು ಕರೆಂಟಿನ ದಾರಿ. ಇಷ್ಟು ವರ್ಷ ಆದ್ರೂ ನಾವು ಹುಡುಕೋದು ಅವೆರಡನ್ನೇ. ಸೆಲ್ಫ್ ಚೆನ್ನಾಗಿ ಹೊಡೆದೂ ಇಂಜಿನ್ ಹಿಡೀಲಿಲ್ಲ ಅಂತಿಟ್ಕೋ. ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡು, ಪಂಪು ಎರಡು ಸೆಕೆಂಡ್ ಗುಂಯ್ ಅನ್ಬೇಕು. ಅನ್ನದೇ ಇದ್ರೆ ಫ್ಯೂಸು, ರಿಲೇ, ಆಮೇಲೆ ಪಂಪು. ಹೊಸ ಗಾಡಿಗಳಲ್ಲಿ ಮೀಟರ್ ಬೋರ್ಡ್ ಮೇಲೆ ಕೀ ಚಿತ್ರ ಮಿಣುಕ್ತಿದ್ರೆ ಗಾಡಿ ಕೀಯನ್ನ ಗುರುತು ಹಿಡೀತಿಲ್ಲ ಅಂತ. ನಮ್ಮ ಕಡೆ ಇನ್ನೊಂದಿದೆ, ಇಲಿ. ಮಳೆಗಾಲದಲ್ಲಿ ಬೆಚ್ಚಗಿರ್ತದೆ ಅಂತ ಇಂಜಿನ್ ಮೇಲೆ ಗೂಡು ಕಟ್ಟಿ ವೈರು ಕಡೀತದೆ. ನಿಮ್ಮ ಶೆಡ್ಡಲ್ಲಿ ಭತ್ತದ ಚೀಲ ಗಾಡಿ ಪಕ್ಕದಲ್ಲೇ ಇಟ್ಟಿದೀರಿ, ಇವತ್ತೇ ತೆಗೆಸು.

— ಸರಿ. ಬ್ಯಾಟರಿ ತಾನಾಗೇ ಇಳಿದುಹೋಗೋದು?

— ಗಾಡಿ ನಿಂತಾಗಲೂ ಒಂದಿಷ್ಟು ಕರೆಂಟ್ ಜಿನುಗ್ತದೆ, 50 ಮಿಲಿ ಆಂಪಿಯರ್ ಒಳಗಿದ್ರೆ ತಕರಾರಿಲ್ಲ. ಅರ್ಧ ಆಂಪಿಯರ್ ಜಿನುಗಿದ್ರೆ ನಿನ್ನ 35 ಆಂಪಿಯರ್ ಅವರ್ ಬ್ಯಾಟರಿ ಎಪ್ಪತ್ತು ಗಂಟೇಲಿ ಬರಿದು. ಶುಕ್ರವಾರ ಸಂಜೆ ಡಿಕ್ಕಿ ಲೈಟ್ ಬಿಟ್ಟು ಊರಿಗೆ ಹೋದವರು ಸೋಮವಾರ ಬಂದು ಬ್ಯಾಟರಿ ಬೈತಾರಲ್ಲ, ಅದೇ ಲೆಕ್ಕ. ಎಲ್ಲಿ, ಉಜ್ಜಿದ್ದು ತೋರಿಸು. ಆ ಮೂಲೇಲಿ ಇನ್ನೂ ಕಪ್ಪಿದೆ.

— ಈಗ?

— ಈಗ ಕಟ್ಟು. ಮೊದಲು ಹಲ್ಲಿನ ವಾಷರ್, ಅದರ ಮೇಲೆ ತಿಂಬಲ್, ಆಮೇಲೆ ಬೋಲ್ಟ್. ಇನ್ನೊಂದು ಕಾಲು ಸುತ್ತು. ಸಾಕು, ಗೇರ್‌ಬಾಕ್ಸ್ ಅಲ್ಯೂಮಿನಿಯಂ, ತ್ರೆಡ್ ಕಿತ್ತುಹೋಗ್ತದೆ. ಮೇಲೆ ಒಂಚೂರು ವ್ಯಾಸಲೀನ್ ಸವರು, ಮಳೆನೀರು ಒಳಗೆ ಹೋಗಲ್ಲ. ಬಿಗಿದ ಮೇಲೇ ಸವರ್ಬೇಕು. ಬ್ಯಾಟರಿ ಕಂಬಕ್ಕೂ ಹಾಗೇ. ಮೈನಸ್ ಕಟ್ಟಿದ್ಯಾ?

— ಕಟ್ಟಿದೆ. ತಿರುಗಿಸಲಾ?

— ಒಂದೇ ಸಲ ನೋಡಿ ಖುಷಿಪಡೋದು ಬೇಡ. ಸ್ಟಾರ್ಟ್ ಮಾಡು, ಆಫ್ ಮಾಡು. ಮೂರು ಸಲ. ಕೊನೇ ಸಲ ನಾನು ಮೀಟರ್ ಹಿಡೀತೀನಿ.

ಮೂರು ಸಲವೂ ಕೀ ತಿರುಗಿಸಿದ ಕೂಡಲೇ ಹಿಡಿಯಿತು.

— 0.2. ಐದು ವೋಲ್ಟ್ ಇದ್ದ ಕಡೆ 0.2. ಓಡ್ತಿರಲಿ, ಡೈನಮೊ ಚಾರ್ಜ್ ಮಾಡ್ತಿದೆಯಾ ಅಂತಲೂ ನೋಡೋಣ... 14.1, ಚೆನ್ನಾಗಿದೆ. ಈ ವೈರು ಮುದಿಯಾಗಿದೆ. ಶಿವಮೊಗ್ಗದಲ್ಲಿ ಅಮ್ಮನ್ನ ಒಳಗೆ ಕರ್ಕೊಂಡ ಮೇಲೆ ಕಾಯೋ ಹೊತ್ತಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡೀಲಿ ಹೊಸ ಅರ್ತ್ ವೈರು ತಗೋ, ನಾಡಿದ್ದು ಹಾಕೋಣ. ಈಗ ಆ ಕ್ಲಚ್ ಕೇಬಲ್ ಮುಟ್ಟಿ ನೋಡು.

— ತಣ್ಣಗಿದೆ ಮಾವ.

— ಹಾಗಿದ್ರೆ ಅಮ್ಮನ್ನ ಕರಿ. ಕೈ ಸೋಪು ಹಾಕಿ ತೊಳ್ಕೊ, ಬಳೆ ಹಾಕ್ಕೊ. ಮಂಡಗದ್ದೆ ತಿರುವುಗಳಲ್ಲಿ ರಸ್ತೆ ಒದ್ದೆಯಾಗಿರ್ತದೆ, ನಿಧಾನ.